ಥೈರಾಯ್ಡ್ ಕೊರತೆ, ದೇಹದ ಉಷ್ಣಾಂಶ ಮತ್ತು ಹಾರ್ಮೋನು ಚಿಕಿತ್ಸೆ

ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಸ್ರವಿಸುವ ಹಾರ್ಮೋನು ದೇಹದ ಶಾಖೋತ್ಪತ್ತಿಯನ್ನು ನಿಯಂತ್ರಿಸುತ್ತದೆ. ಇದರ ಕೊರತೆಯಿಂದ ಚಳಿ ತಾಳಲಾಗದಿರುವುದು, ಆಯಾಸ, ತೂಕ ಹೆಚ್ಚಳ, ಮಲಬದ್ಧತೆ ಹಾಗೂ ಮುಟ್ಟಿನ ಏರುಪೇರು ಉಂಟಾಗಬಹುದು.

ಪರೀಕ್ಷೆ: ಗುಂಡ್ಲುಪೇಟೆ ಭಾಗದಲ್ಲಿ ಚಳಿಗಾಲದ ಮುಂಜಾನೆ ಆರೋಗ್ಯವಂತರಿಗೂ ಮೈ ತಣ್ಣಗಿರುವುದು ಸಹಜ. ರಕ್ತಹೀನತೆಯಿಂದಲೂ ಚಳಿಯೆನಿಸಬಹುದು. ಆದುದರಿಂದ ಉಷ್ಣಮಾಪಕದ ಅಂಕಿಯೊಂದನ್ನೇ ನಂಬಿ ಹಾರ್ಮೋನು ಮಾತ್ರೆ ಸೇವಿಸಬಾರದು, ಟಿ.ಎಸ್.ಎಚ್. ರಕ್ತಪರೀಕ್ಷೆ ಮಾಡಿಸತಕ್ಕದ್ದು. ಅನಗತ್ಯ ಸೇವನೆಯಿಂದ ಹೃದಯಬಡಿತ ಏರುಪೇರಾಗುವ ಹಾಗೂ ಮೂಳೆ ಸವೆಯುವ ಅಪಾಯವಿದೆ.

ಚಿಕಿತ್ಸೆ: ವೈದ್ಯರು ಸೂಚಿಸಿದ ಲಿವೊಥೈರಾಕ್ಸಿನ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಸೇವಿಸಬೇಕು. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆಯ ನಂತರವಿರಲಿ. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆಗಳ ಅಂತರವಿರಬೇಕು. ಮಾತ್ರೆಯ ಪ್ರಮಾಣ ಬದಲಿಸಿದ 6ರಿಂದ 8 ವಾರಗಳ ನಂತರ ಮರುಪರೀಕ್ಷೆ ಅಗತ್ಯ.

ಗರ್ಭಿಣಿಯರಿಗೆ: ಶಿಶುವಿನ ಮೆದುಳಿನ ಬೆಳವಣಿಗೆಗೆ ತಾಯಿಯ ಈ ಹಾರ್ಮೋನು ಅತ್ಯವಶ್ಯ. ಮಾತ್ರೆ ನಿಲ್ಲಿಸದೆ, ಗರ್ಭ ಖಚಿತವಾದ ಕೂಡಲೇ ವೈದ್ಯರನ್ನು ಕಾಣಬೇಕು. ಸಾಮಾನ್ಯವಾಗಿ ಪ್ರಮಾಣ ಹೆಚ್ಚಿಸಬೇಕಾಗುತ್ತದೆ.

ತುರ್ತು ಸ್ಥಿತಿ: ಥೈರಾಯ್ಡ್ ಕೊರತೆಯುಳ್ಳವರಲ್ಲಿ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದು ಮಂಪರು ಕವಿದರೆ ಪ್ರಾಣಾಪಾಯವಿದೆ. ತಕ್ಷಣ 108ಕ್ಕೆ ಕರೆ ಮಾಡುವುದು.

ಲಕ್ಷಣಗಳುಳ್ಳವರು ಗುಂಡ್ಲುಪೇಟೆ ತಾಲ್ಲೂಕು ಆಸ್ಪತ್ರೆ ಅಥವಾ ಚಾಮರಾಜನಗರದ ಸಿಮ್ಸ್ ಬೋಧನಾ ಆಸ್ಪತ್ರೆಯ ವೈದ್ಯರ ಸಲಹೆ ಪಡೆಯಲು ಕೋರಲಾಗಿದೆ.