ಕಾಲು ಚಾಚುವಷ್ಟು ಕಾರು

ಗೆಳೆಯರೆಲ್ಲ ಸೇರಿ ರೇಸ್ ಟ್ರ್ಯಾಕ್‌ನಲ್ಲಿ ಓಡಿಸಲು ಹಳೆಯ ಕಾರೊಂದನ್ನು ಕೊಳ್ಳುವ ಯೋಚನೆಯಿದೆಯೇ? ನಿಮ್ಮಲ್ಲೊಬ್ಬರು ಆರಡಿ ದಾಟಿದವರಾಗಿದ್ದರೆ ಎಂಜಿನ್ ಲೆಕ್ಕ ಆಮೇಲಿರಲಿ, ಸೀಟಿನ ಲೆಕ್ಕ ಮೊದಲು.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ, ಸ್ಟಾರ್ಟ್ ಮಾಡಿಸಿ ಸದ್ದು ಕೇಳುತ್ತಾರೆ, ಹೊಗೆಯ ಬಣ್ಣ ನೋಡುತ್ತಾರೆ. ದಿನಬಳಕೆಯ ಕಾರಿಗೆ ಇಷ್ಟು ಸಾಕು. ಆದರೆ ಟ್ರ್ಯಾಕ್‌ಗೆಂದು ಮೂರ್ನಾಲ್ವರು ಗೆಳೆಯರು ದುಡ್ಡು ಹಾಕಿ ಕೊಳ್ಳುವ ಕಾರಿನ ಪರೀಕ್ಷೆ ಡ್ರೈವರ್ ಸೀಟಿನಿಂದಲೇ ಶುರುವಾಗಬೇಕು. ಗುಂಪಿನಲ್ಲಿ ಎಲ್ಲರಿಗಿಂತ ಎತ್ತರದವರು ಹೆಲ್ಮೆಟ್ ಹಾಕಿಕೊಂಡು ಒಳಗೆ ಕೂತು ನೋಡಬೇಕು. ಅವರಿಗೆ ಒಗ್ಗದ ಕಾರು ಎಷ್ಟೇ ಚುರುಕಾಗಿರಲಿ, ಎಷ್ಟೇ ಅಗ್ಗವಾಗಿರಲಿ, ಆ ಗುಂಪಿಗೆ ಒಗ್ಗುವುದಿಲ್ಲ.

ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಶುಲ್ಕ ಕಟ್ಟಿದವರು ಸರದಿಯ ಪ್ರಕಾರ ಹದಿನೈದು ಇಪ್ಪತ್ತು ನಿಮಿಷ ಟ್ರ್ಯಾಕ್‌ನಲ್ಲಿ ಕಾರು ಓಡಿಸಿ, ಬ್ರೇಕ್ ಎಲ್ಲಿ ಹಿಡಿಯಬೇಕು, ತಿರುವನ್ನು ಹೇಗೆ ತೆಗೆದುಕೊಳ್ಳಬೇಕು ಎಂದು ಕಲಿಯುವ ದಿನ ಅದು. ಎದುರಿಗೆ ಬಸ್ಸು ಬರುವುದಿಲ್ಲ, ಹಸು ಅಡ್ಡ ಬರುವುದಿಲ್ಲ. ನಂದಿ ಬೆಟ್ಟದ ತಿರುವುಗಳಲ್ಲಿ ವೇಗದ ಚಪಲ ತೀರಿಸಿಕೊಂಡು ಬೇರೆಯವರ ಜೀವಕ್ಕೂ ಕುತ್ತು ತರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬೆಂಗಳೂರು ಕಡೆಯವರು ಸಾಮಾನ್ಯವಾಗಿ ಹೋಗುವುದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಇಲ್ಲವೇ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗೆ. ಮೊದಲನೆಯದು ಸುಮಾರು 2.1 ಕಿ.ಮೀ. ಉದ್ದದ ಬಿಗಿ ತಿರುವುಗಳ ಟ್ರ್ಯಾಕ್, ಎರಡನೆಯದು ಸುಮಾರು 3.7 ಕಿ.ಮೀ. ಆಫೀಸಿಗೆ ಹೋಗುವ ಕಾರನ್ನೇ ಅಲ್ಲಿಗೆ ಒಯ್ದರೆ ಟೈರು, ಬ್ರೇಕು, ಕ್ಲಚ್ಚು ಎಲ್ಲವೂ ಬೇಗ ಸವೆಯುತ್ತವೆ. ಟ್ರ್ಯಾಕ್‌ಗೆಂದೇ ಹಳೆಯ ಕಾರೊಂದನ್ನು ಪಾಲಿನಲ್ಲಿ ಇಟ್ಟುಕೊಳ್ಳುವ ಯೋಚನೆ ಹುಟ್ಟುವುದು ಇಲ್ಲಿಂದಲೇ.

ಹೆಲ್ಮೆಟ್ ಹಾಕಿಕೊಂಡೇ ಕೂರಿ

ಬರಿತಲೆಯಲ್ಲಿ ಹಾಯೆನಿಸುವ ಕಾರು ಹೆಲ್ಮೆಟ್ ಹಾಕಿದೊಡನೆ ಕುಗ್ಗಿದಂತಾಗುತ್ತದೆ. ಹೆಲ್ಮೆಟ್‌ನ ದಪ್ಪ ಎರಡಿಂಚಿನಷ್ಟು ಜಾಗವನ್ನು ಕಬಳಿಸುತ್ತದೆ. ಸೀಟನ್ನು ಪೂರ್ತಿ ಕೆಳಗಿಳಿಸಿ, ಬೆನ್ನನ್ನು ಸೀಟಿಗೆ ಒತ್ತಿ ಕೂತಾಗಲೂ ಹೆಲ್ಮೆಟ್ಟಿಗೂ ಚಾವಣಿಗೂ ನಡುವೆ ಮುಷ್ಟಿ ತೂರುವಷ್ಟು ತೆರವಿರಬೇಕು. ಸನ್‌ರೂಫ್ ಇರುವ ಕಾರಿನಲ್ಲಿ ಅದರ ಚೌಕಟ್ಟೇ ಈ ತೆರವನ್ನು ನುಂಗಿಬಿಡುವುದರಿಂದ ಎತ್ತರದವರಿಗೆ ಅಂಥದ್ದು ಬೇಡ.

ಜಾಗ ಸಾಲದಿದ್ದಾಗ ಎತ್ತರದವರು ಸಾಮಾನ್ಯವಾಗಿ ಸೀಟಿನ ಬೆನ್ನನ್ನು ಹಿಂದಕ್ಕೆ ಒರಗಿಸುತ್ತಾರೆ. ತಲೆಗೇನೋ ಜಾಗ ಸಿಗುತ್ತದೆ, ಆದರೆ ಸ್ಟೀರಿಂಗ್ ಕೈಗೆ ದೂರವಾಗುತ್ತದೆ. ಚಾಚಿದ ಕೈಗಳಿಂದ ಸ್ಟೀರಿಂಗ್ ತಿರುಗಿಸುವವರು ತಿರುವಿನಲ್ಲಿ ಅದನ್ನೇ ಹಿಡಿದು ನೇತಾಡತೊಡಗುತ್ತಾರೆ. ಆಗ ಮುಂದಿನ ಟೈರುಗಳು ಕೈಗೆ ತಿಳಿಸುವ ಸೂಕ್ಷ್ಮ ಗೊತ್ತಾಗುವುದೇ ಇಲ್ಲ. ಇದಕ್ಕಿಂತ ದೊಡ್ಡ ಅಪಾಯ, ಡಿಕ್ಕಿಯಾದರೆ ಮೈ ಬೆಲ್ಟಿನ ಅಡಿಯಿಂದ ಮುಂದಕ್ಕೆ ಜಾರುವುದು. ಭುಜ ಸೀಟಿಗೆ ತಾಗಿರುವಾಗಲೇ ಮುಂಗೈ ಮಣಿಕಟ್ಟು ಸ್ಟೀರಿಂಗ್‌ನ ನೆತ್ತಿಯ ಮೇಲೆ ಕೂರಬೇಕು. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಮಡಚಿರಬೇಕು. ಸ್ಟೀರಿಂಗ್ ತಿರುಗಿಸುವಾಗ ಕೈ ತೊಡೆಗೆ ಬಡಿಯಬಾರದು.

ಆರಡಿ ಎತ್ತರದ ಇಬ್ಬರಿಗೆ ಒಂದೇ ಕಾರು ಹೊಂದಬೇಕೆಂದೂ ಇಲ್ಲ. ಕಾಲು ಉದ್ದ ಇರುವವರಿಗೆ ಮೊಣಕಾಲಿನ ಜಾಗದ ತೊಂದರೆಯಾದರೆ, ಸೊಂಟದಿಂದ ಮೇಲೆ ಉದ್ದ ಇರುವವರಿಗೆ ತಲೆಯ ಜಾಗದ ತೊಂದರೆ. ಹಾಗಾಗಿ ಕಂಪನಿಯ ಅಳತೆಪಟ್ಟಿ ಓದಿ ಕಾರು ತೀರ್ಮಾನಿಸಬೇಡಿ. ಪಾಲುದಾರರೆಲ್ಲರೂ ಹೋಗಿ, ಒಬ್ಬೊಬ್ಬರಾಗಿ ಕೂತು ನೋಡಿ.

ದೊಡ್ಡವರಿಗೂ ತಪ್ಪದ ಪಾಡು

ಫೋರ್ಡ್ ಜಿಟಿ40 ಎಂಬ ರೇಸ್ ಕಾರಿನ ಹೆಸರಿನಲ್ಲಿರುವ 40 ಎಂಬ ಅಂಕಿ ಆ ಕಾರಿನ ಎತ್ತರವನ್ನು ಇಂಚಿನಲ್ಲಿ ಹೇಳುತ್ತದೆ. ಆರಡಿ ಮೀರಿದ ರೇಸ್ ಚಾಲಕ ಡಾನ್ ಗರ್ನಿ ಅದರ ನಾಲ್ಕನೇ ಅವತಾರವನ್ನು ಓಡಿಸಬೇಕಾಗಿ ಬಂದಾಗ ಅವರ ಹೆಲ್ಮೆಟ್ಟಿಗೆ ಜಾಗ ಸಾಲಲಿಲ್ಲ. ತಂಡದವರು ಚಾವಣಿಯಲ್ಲೇ ಒಂದು ಉಬ್ಬು ಮಾಡಿಕೊಟ್ಟರು. 1967ರ ಲೆ ಮಾನ್ 24 ಗಂಟೆಗಳ ರೇಸಿನಲ್ಲಿ ಗರ್ನಿ ಮತ್ತು ಎ.ಜೆ. ಫಾಯ್ಟ್ ಆ ಕಾರನ್ನು ಸರದಿಯಲ್ಲಿ ಓಡಿಸಿ ಗೆದ್ದರು. ಒಂದು ಕಾರನ್ನು ಹಂಚಿಕೊಳ್ಳುವಾಗ ಎತ್ತರದವರಿಗೆ ಜಾಗ ಮಾಡಿಕೊಡುವುದು ಉಪಕಾರವಲ್ಲ, ಗೆಲುವಿನ ಸಿದ್ಧತೆಯ ಭಾಗ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಯಾವ ಕಾರು?

ಹೊರದೇಶಗಳಲ್ಲಿ ಕಡಿಮೆ ಖರ್ಚಿನ ಟ್ರ್ಯಾಕ್ ಕಾರು ಎಂದರೆ ಮೊದಲು ಕೇಳಿಬರುವ ಹೆಸರು ಮಾಜ್ದಾ ಎಂಎಕ್ಸ್-5. ಪುಟ್ಟ ಕ್ಯಾಬಿನ್ನಿನ ಆ ಕಾರಿನಲ್ಲಿ ಎತ್ತರದವರು ಸೀಟಿನ ಫೋಮ್ ಕತ್ತರಿಸಿ ಜಾಗ ಮಾಡಿಕೊಳ್ಳಬೇಕಾಗುತ್ತದೆ. ಈ ವಿಷಯದಲ್ಲಿ ನಮ್ಮ ಸಾಮಾನ್ಯ ಕಾರುಗಳೇ ವಾಸಿ.

ಹಳೆಯ ಮಾರುತಿ ಸ್ವಿಫ್ಟ್‌ನ ಎತ್ತರ 1,530 ಮಿ.ಮೀ. ತಲೆಗೆ ಧಾರಾಳ ಜಾಗ, ಹಗುರ ಮೈ, ಯಾವ ಊರಿನಲ್ಲೂ ಸಿಗುವ ಬಿಡಿಭಾಗ. ಕರಿಯಂಥ ಬಿಗಿ ಟ್ರ್ಯಾಕ್‌ನಲ್ಲಿ ಕಲಿಯುವವರಿಗೆ 1.2 ಲೀಟರ್ ಪೆಟ್ರೋಲ್ ಸ್ವಿಫ್ಟ್ ಧಾರಾಳವಾಗಿ ಸಾಕು. ಇದರ ಕೊರತೆ ಸ್ಟೀರಿಂಗ್‌ನಲ್ಲಿದೆ: ಹಳೆಯ ಸ್ವಿಫ್ಟ್‌ಗಳಲ್ಲಿ ಅದು ಮೇಲೆ ಕೆಳಗೆ ಆಡುತ್ತದೆಯೇ ಹೊರತು ನಮ್ಮ ಕಡೆಗೆ ಎಳೆದುಕೊಳ್ಳಲು ಬರುವುದಿಲ್ಲ. ಉದ್ದ ಕಾಲಿನವರು ಇದನ್ನು ಮರೆಯದೆ ನೋಡಬೇಕು.

2010ರಿಂದ 2022ರವರೆಗೆ ಇಲ್ಲಿ ಮಾರಾಟವಾದ ಫೋಕ್ಸ್‌ವ್ಯಾಗನ್ ಪೋಲೋದಲ್ಲಿ ಸೀಟು ಚೆನ್ನಾಗಿ ಕೆಳಗಿಳಿಯುತ್ತದೆ. ಸ್ಟೀರಿಂಗನ್ನು ಎತ್ತಿ ಇಳಿಸಿ, ಎಳೆದುಕೊಳ್ಳಲೂ ಬಹುದು. ಕೂರುವ ಭಂಗಿಯೊಂದನ್ನೇ ನೋಡಿದರೆ ಎತ್ತರದವರ ಆಯ್ಕೆ ಇದು. ಬಿಡಿಭಾಗ ಮತ್ತು ರಿಪೇರಿಯ ಖರ್ಚು ಹೆಚ್ಚು ಎಂಬುದನ್ನು ಪಾಲುದಾರರೆಲ್ಲ ಮೊದಲೇ ಒಪ್ಪಿರಬೇಕು.

ಬಿಡದಿಯಲ್ಲಿ ತಯಾರಾಗುತ್ತಿದ್ದ ಟೊಯೋಟಾ ಎಟಿಯಾಸ್ ಹೆಸರು ಎತ್ತಿದರೆ ಟ್ಯಾಕ್ಸಿಯಲ್ಲವೇ ಎಂದು ಮೂಗು ಮುರಿಯುವವರಿದ್ದಾರೆ. ಟೊಯೋಟಾ ಇದರದೇ ರೇಸ್ ಸರಣಿ ನಡೆಸಿತ್ತು, ಇರುಂಗಾಟ್ಟುಕೋಟ್ಟೈ ರೇಸುಗಳಲ್ಲೂ ಇದು ಓಡಿದೆ. 1.5 ಲೀಟರ್ ಪೆಟ್ರೋಲ್ ಎಂಜಿನ್, ಒಂದು ಟನ್‌ಗಿಂತ ಕಡಿಮೆ ತೂಕ, ವಿಶಾಲ ಒಳಾಂಗಣ. ಮೀಟರುಗಳು ಡ್ಯಾಶ್‌ಬೋರ್ಡ್‌ನ ಮಧ್ಯದಲ್ಲಿರುವುದರಿಂದ, ಮೊಣಕಾಲಿಗೆ ಜಾಗ ಬೇಕೆಂದು ಸ್ಟೀರಿಂಗನ್ನು ಎಲ್ಲಿಟ್ಟುಕೊಂಡರೂ ಅವು ಮರೆಯಾಗುವುದಿಲ್ಲ. ಟ್ಯಾಕ್ಸಿಯಾಗಿ ಲಕ್ಷಾಂತರ ಕಿ.ಮೀ. ಓಡಿದ್ದನ್ನು ಬಿಟ್ಟು, ಮನೆಬಳಕೆಯ ಪೆಟ್ರೋಲ್ ಕಾರನ್ನು ಹುಡುಕಿದರೆ ಪಾಲಿನ ಬಂಡಿಗೆ ನನ್ನ ಮೊದಲ ಮತ ಇದಕ್ಕೇ.

ಕುಳ್ಳಗಿರುವವರನ್ನು ಎತ್ತಬಹುದು

ಹಂಚಿಕೊಳ್ಳುವ ಕಾರಿನ ಸೀಟನ್ನು ಎತ್ತರದವರಿಗೆ ತಕ್ಕಂತೆ ಆದಷ್ಟೂ ಕೆಳಗೆ ಕೂರಿಸಿ. ಉಳಿದವರಿಗೆ ಬೆನ್ನಿಗೂ ಅಡಿಗೂ ಗಟ್ಟಿ ಫೋಮ್ ಇಟ್ಟುಕೊಡಿ. ದೀರ್ಘ ಓಟದ ರೇಸ್ ತಂಡಗಳು ಮಾಡುವುದೂ ಇದನ್ನೇ. ಆದರೆ ಮೆತ್ತನೆಯ ದಿಂಬು ಖಂಡಿತ ಬೇಡ, ಡಿಕ್ಕಿಯಲ್ಲಿ ಅದು ಅದುಮಿ ಹೋಗಿ ಬೆಲ್ಟು ಸಡಿಲವಾಗುತ್ತದೆ. ರೇಸಿಂಗ್ ಬಕೆಟ್ ಸೀಟು ಹಾಕಿಸುವುದಾದರೆ ಮುಂದೆ ಹಿಂದೆ ಸರಿಯುವ ಹಳಿಯ ಮೇಲೆಯೇ ಹಾಕಿಸಬೇಕು, ನೆಲಕ್ಕೆ ಬೋಲ್ಟ್ ಮಾಡಿದ ಸೀಟು ಒಬ್ಬರಿಗೇ ಮೀಸಲಾಗುತ್ತದೆ.

ಚಾವಣಿ ಕುಸಿಯದಂತೆ ತಡೆಯುವ ಲೋಹದ ಚೌಕಟ್ಟು, ಅಂದರೆ ರೋಲ್ ಕೇಜ್, ಇಲ್ಲದ ಕಾರಿಗೆ ಭುಜ ಸೊಂಟಗಳನ್ನು ಸೀಟಿಗೆ ಬಿಗಿಯುವ ರೇಸಿಂಗ್ ಹಾರ್ನೆಸ್ ಕಟ್ಟುವುದು ಅಪಾಯ. ಕಾರು ಮಗುಚಿ ಚಾವಣಿ ಕುಸಿದರೆ ಪಕ್ಕಕ್ಕೆ ವಾಲಲೂ ಬಿಡದೆ ಅದು ಮೈಯನ್ನು ನೆಟ್ಟಗೆ ಹಿಡಿದಿಡುತ್ತದೆ. ಚಾವಣಿಗೆ ತಲೆ ಹತ್ತಿರವಿರುವ ಎತ್ತರದವರಿಗೆ ಪೆಟ್ಟು ಮೊದಲು. ರಸ್ತೆಯಲ್ಲೇ ಓಡಿಸಿಕೊಂಡು ಟ್ರ್ಯಾಕ್‌ಗೆ ಹೋಗುವ ಕಾರಿಗೆ ಕಂಪನಿಯ ಸೀಟು, ಬೆಲ್ಟು, ಏರ್‌ಬ್ಯಾಗುಗಳೇ ಇರಲಿ. ವಾಹನದ ಮೂಲ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಮಿತಿಗಳೂ ಇವೆ.

ಪಾಲುದಾರರ ನಡುವೆ

ಒಬ್ಬರು ಇಳಿದೊಡನೆ ಇನ್ನೊಬ್ಬರು ಹತ್ತಿದರೆ ಮನುಷ್ಯರಿಗೆ ವಿಶ್ರಾಂತಿ ಸಿಗುತ್ತದೆ, ಕಾರಿಗೆ ಸಿಗುವುದಿಲ್ಲ. ಸರದಿಯ ಕೊನೆಯ ಸುತ್ತನ್ನು ನಿಧಾನವಾಗಿ ಓಡಿಸಿ ಬ್ರೇಕುಗಳನ್ನು ತಣಿಸಬೇಕು. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಬೇಕು. ಬ್ರೇಕ್ ಆಯಿಲ್ ಹೊಸದಾಗಿರಬೇಕು: ತೇವ ಹೀರಿದ ಡಾಟ್ 4 ಆಯಿಲ್‌ನ ಕುದಿಬಿಂದು 230 ಡಿಗ್ರಿ ಸೆಲ್ಸಿಯಸ್‌ನಿಂದ 155ರ ಹತ್ತಿರಕ್ಕೆ ಇಳಿಯಬಹುದು. ಅದು ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಡ್ರೈವರ್ ಬದಲಾದಾಗಲೆಲ್ಲ ಸೀಟು, ಕನ್ನಡಿ, ಬೆಲ್ಟು, ಹೆಡ್‌ರೆಸ್ಟ್ ಹೊಂದಿಸಿಕೊಳ್ಳಬೇಕು. ಸೀಟಿನ ಹಳಿಯ ಮೇಲೆ ಒಬ್ಬೊಬ್ಬರ ಜಾಗಕ್ಕೂ ಬಣ್ಣದ ಗೆರೆ ಹಾಕಿಟ್ಟರೆ ಕೆಲಸ ಸಲೀಸು.

ಸಾಮಾನ್ಯ ವಾಹನ ವಿಮೆ ರೇಸ್ ಮತ್ತು ವೇಗ ಪರೀಕ್ಷೆಗಳಿಗೆ ಅನ್ವಯಿಸುವುದಿಲ್ಲ. ಗೋಡೆಗೆ ಗುದ್ದಿದರೆ, ಎಂಜಿನ್ ಕೈಕೊಟ್ಟರೆ ಖರ್ಚು ಯಾರದ್ದು, ಆರ್‌ಸಿ ಯಾರ ಹೆಸರಿನಲ್ಲಿ, ಒಬ್ಬರು ಗುಂಪು ಬಿಟ್ಟರೆ ಅವರ ಪಾಲಿಗೆ ಬೆಲೆ ಎಷ್ಟು ಎಂಬುದನ್ನೆಲ್ಲ ಕಾರು ಕೊಳ್ಳುವ ಮೊದಲೇ ಬರೆದಿಟ್ಟುಕೊಳ್ಳಿ. ಸವೆಯುವ ಟೈರು, ಪ್ಯಾಡುಗಳ ಖರ್ಚನ್ನು ಓಡಿಸಿದ ಸುತ್ತುಗಳ ಲೆಕ್ಕದಲ್ಲಿ ಹಂಚಿಕೊಂಡರೆ ಯಾರಿಗೂ ಮನಸ್ತಾಪವಿರುವುದಿಲ್ಲ.

ದುಡ್ಡು ಸಮಪಾಲಾದ ಮೇಲೆ ಕಲಿಕೆಯೂ ಸಮಪಾಲಾಗಬೇಕು. ಮೊಣಕಾಲು ಡ್ಯಾಶ್‌ಬೋರ್ಡಿಗೆ ಒತ್ತಿ, ಕತ್ತು ಓರೆ ಮಾಡಿ ಕೂತವರ ಗಮನ ನೋವಿನ ಮೇಲಿರುತ್ತದೆಯೇ ಹೊರತು ತಿರುವಿನ ಮೇಲಲ್ಲ. ಅವರು ಅದೇ ಶುಲ್ಕ ಕಟ್ಟಿ ಅರ್ಧದಷ್ಟೇ ಕಲಿತು ಮನೆಗೆ ಹೋಗುತ್ತಾರೆ, ಕ್ರಮೇಣ ಬರುವುದನ್ನೇ ಬಿಡುತ್ತಾರೆ. ಇಪ್ಪತ್ತು ಅಶ್ವಶಕ್ತಿ ಕಡಿಮೆಯಾದರೂ ಚಿಂತೆಯಿಲ್ಲ, ಎಲ್ಲರೂ ನೆಟ್ಟಗೆ ಕೂರಬಲ್ಲ ಕಾರನ್ನೇ ಆರಿಸಿ. ಅಂತಿಮ ಮಾತು ಗುಂಪಿನಲ್ಲಿ ಎಲ್ಲರಿಗಿಂತ ಎತ್ತರದವರದ್ದಾಗಿರಲಿ.