ಬಟ್ಟೆಯ ಅಂಚಿನಲ್ಲಿ ಮಳೆಮೋಡ

ಮಕ್ಕಳೇ, ಅಮೆರಿಕದ ನ್ಯೂ ಮೆಕ್ಸಿಕೊ, ಅರಿಜೋನಾ ರಾಜ್ಯಗಳಲ್ಲಿ ಪ್ಯೂಬ್ಲೊ ಎಂಬ ಮೂಲನಿವಾಸಿಗಳಿದ್ದಾರೆ. ಹೋಪಿ, ಝೂನಿ, ಆಕೊಮಾ ಮೊದಲಾದವು ಅವರ ಪಂಗಡಗಳು. ಅವರದು ಒಣನೆಲ, ಮುಸುಕಿನ ಜೋಳ ಅವರ ಮುಖ್ಯ ಬೆಳೆ. ಮಳೆ ತಪ್ಪಿದರೆ ಊಟವೂ ತಪ್ಪೀತು. ಅದಕ್ಕೇ ಅವರು ಮಳೆಯನ್ನು ಬಟ್ಟೆಯ ಮೇಲೂ ಬೇಡಿಕೊಳ್ಳುತ್ತಾರೆ.

ತಾವೇ ಬೆಳೆದ ಹತ್ತಿಯನ್ನು ನಮ್ಮ ಶಾಲೆಯ ದಿನಗಳ ತಕಲಿಯಂಥ ಸಾಧನದಲ್ಲಿ ನೂತು, ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ನೇಯುತ್ತಿದ್ದರು. ಹೋಪಿಗಳಲ್ಲಿ ನೇಕಾರರು ಗಂಡಸರು! ಮದುಮಗಳ ಬಿಳಿ ಹೊದಿಕೆಯನ್ನು ನೇಯುವುದು ವರನ ಕಡೆಯ ಗಂಡಸರು. ಅವಳ ನಡುಪಟ್ಟಿಯ ಉದ್ದನೆಯ ಗೊಂಡೆಗಳು ಸುರಿಯುವ ಮಳೆಯ ಗುರುತು.

ಹೊಲಿಗೆಯಿಲ್ಲದ ಅಗಲವಾದ ಹೊದಿಕೆಗೆ ಮಾಂಟಾ ಎಂದು ಹೆಸರು. ಅದರ ಮೇಲಂಚಿನಲ್ಲಿ ಕಿರಿದಾಗಿ, ಕೆಳಂಚಿನಲ್ಲಿ ಅಗಲವಾಗಿ ಕಸೂತಿ ಹಾಕುತ್ತಾರೆ. ಮೆಟ್ಟಿಲಾಕಾರದ ಮೋಡ, ಮಳೆಗೆರೆ, ಚಿಟ್ಟೆ, ಹೂವು ಅದರಲ್ಲಿ ಮೂಡುತ್ತವೆ. 1598ರಲ್ಲಿ ನೆಲೆಯೂರಲು ಬಂದ ಸ್ಪೇನಿನವರು ಕುರಿಗಳನ್ನೂ ತಂದರು. ಬಣ್ಣದ ಉಣ್ಣೆಯೆಳೆ ಕಸೂತಿಗೆ ಬಂದುದು ಹೀಗೆ. ಕೆಂಪು ಎಳೆಗಾಗಿ ಹೊರಗಿನಿಂದ ಬಂದ ಕೆಂಪು ಬಟ್ಟೆಯನ್ನೇ ಬಿಚ್ಚುತ್ತಿದ್ದುದೂ ಉಂಟು.

ಬ್ಯಾಂಕಿನಲ್ಲಿ ಜೀವಮಾನವೆಲ್ಲ ಲೆಕ್ಕ ಬರೆದ ನನಗೆ ಈ ಕಸೂತಿ ಹಿಡಿಸಿದ್ದು ಅದರ ಎಣಿಕೆಗಾಗಿ. ಬಟ್ಟೆಯ ಎಳೆಗಳನ್ನು ಎಣಿಸುತ್ತಾ ಸೂಜಿ ಸಾಗಬೇಕು. ಕಪ್ಪು ಉಣ್ಣೆಯಿಂದ ಅಂಚನ್ನು ಒತ್ತಾಗಿ ತುಂಬುತ್ತಾರೆ. ನಡುನಡುವೆ ಸಣ್ಣ ಗೆರೆಯಷ್ಟು ಜಾಗವನ್ನು ತುಂಬದೆ ಬಿಡುತ್ತಾರೆ. ಅಲ್ಲಿ ಬಿಳಿ ಹತ್ತಿ ಇಣುಕಿ ಚಿತ್ರದ ಗೆರೆಯಾಗುತ್ತದೆ. ಒಂದೆಳೆ ಹೆಚ್ಚುಕಡಿಮೆಯಾದರೂ ಆ ಗೆರೆ ಕೆಟ್ಟಿತು!

1880ರಲ್ಲಿ ಆ ಸೀಮೆಗೆ ರೈಲು ಬಂತು. ಅದರೊಂದಿಗೆ ಗಿರಣಿ ಬಟ್ಟೆ ಅಗ್ಗವಾಗಿ ಸಿಗತೊಡಗಿತು. ದಿನಬಳಕೆಯಿಂದ ಕೈಮಗ್ಗದ ಬಟ್ಟೆ ಸರಿಯಿತು, ಕಸೂತಿ ಬಲ್ಲವರೂ ಕಡಿಮೆಯಾದರು. ಆದರೆ ಹಬ್ಬದ ಕುಣಿತಕ್ಕೆ ಕಸೂತಿಯ ಮಾಂಟಾ, ಗಂಡಸರ ಮೊಣಕಾಲುದ್ದದ ಉಡುಗೆ ಬೇಕೇ ಬೇಕಲ್ಲ! ಆ ಅಗತ್ಯವೇ ಕಲೆಯನ್ನು ಕಾಪಾಡಿತು. 1930ರ ದಶಕದಲ್ಲಿ ಸಾಂತಾ ಫೆಯ ಇಂಡಿಯನ್ ಶಾಲೆಯಲ್ಲಿ ಅವರ ಮಕ್ಕಳಿಗೆ ಇದನ್ನು ಪಾಠವಾಗಿಯೂ ಕಲಿಸಿದರು. ಈಗಲೂ ಇದನ್ನು ಹೊಲಿಯುವವರಿದ್ದಾರೆ, ಉಟ್ಟು ಕುಣಿಯುವವರೂ ಇದ್ದಾರೆ.

ನಿಮ್ಮ ಗಣಿತದ ಚೌಕುಳಿ ಹಾಳೆಯನ್ನು ತೆಗೆದುಕೊಳ್ಳಿ. ಮೆಟ್ಟಿಲಿನಂತೆ ಏರಿ ಇಳಿಯುವ ಒಂದು ಸಾಲು ಚೌಕಗಳನ್ನು ಖಾಲಿ ಬಿಟ್ಟು, ಸುತ್ತಲಿನ ಚೌಕಗಳಿಗೆಲ್ಲ ಕಪ್ಪು ತುಂಬಿ. ಬಿಳಿ ಮೋಡ ತಾನಾಗಿ ಮೂಡುತ್ತದೆ. ಎಣಿಸುವಾಗ ಮಾತ್ರ ಮಾತು ಬೇಡ!