ಮೆಕ್ಸಿಕೊ ನಗರದೊಳಗೊಂದು ಲಾಸ್ ಏಂಜಲೀಸ್

ಮೆಕ್ಸಿಕೊ ನಗರದ ನಡುಭಾಗದಲ್ಲಿ ತಬಕಲೇರಾ ಎಂಬ ಹಳೆಯ ಬಡಾವಣೆಯಿದೆ. ದೂರದಿಂದಲೇ ಕಾಣುವುದು 67 ಮೀಟರ್ ಎತ್ತರದ ಕ್ರಾಂತಿ ಸ್ಮಾರಕ. ಸಂಸತ್ ಭವನವಾಗಬೇಕಿದ್ದ ಈ ಕಟ್ಟಡ ಕ್ರಾಂತಿಯ ಗದ್ದಲದಲ್ಲಿ ಅರ್ಧಕ್ಕೇ ನಿಂತು, 1938ರಲ್ಲಿ ಸ್ಮಾರಕವಾಯಿತು. ಪ್ರವಾಸಿಗರು ಗುಮ್ಮಟ ನೋಡಿ ಹೊರಟುಬಿಡುತ್ತಾರೆ. ಆದರೆ ನೋಡಬೇಕಾದ್ದಿರುವುದು ಸುತ್ತಲಿನ ಬೀದಿಗಳಲ್ಲಿ. ಅವಕ್ಕೀಗ ‘ಲಿಟಲ್ ಎಲ್.ಎ.’ ಎಂಬ ಅಡ್ಡಹೆಸರು.

ಕಾಲ್ ಸೆಂಟರ್‌ಗಳ ಶಿಫ್ಟ್ ಬಿಟ್ಟಾಗ ಟಾಕೊ ಗಾಡಿಗಳ ಮುಂದೆ ಇಂಗ್ಲಿಷ್ ಮಾತೇ ಜೋರು. ಆಡುವವರು ಪ್ರವಾಸಿಗರಲ್ಲ, ಅಮೆರಿಕದಿಂದ ಗಡೀಪಾರಾದವರು. ಹಲವರು ಎಳವೆಯಲ್ಲೇ ಅಪ್ಪ-ಅಮ್ಮನ ಜೊತೆ ಕಾಗದಪತ್ರವಿಲ್ಲದೆ ಗಡಿ ದಾಟಿ, ಅಲ್ಲೇ ಓದಿ ಬೆಳೆದವರು. ಲೈಸೆನ್ಸ್ ಇಲ್ಲದೆ ಕಾರು ಓಡಿಸಿ ಸಿಕ್ಕಿಬಿದ್ದರೂ ಸಾಕು, ವಿಮಾನ ಹತ್ತಿಸುತ್ತಾರೆ. ಅಲ್ಲಿನ 1996ರ ವಲಸೆ ಕಾನೂನಿನ ಮೇಲಂತೂ ಗ್ರೀನ್ ಕಾರ್ಡ್ ಇದ್ದವರನ್ನೂ ಸಣ್ಣಪುಟ್ಟ ಅಪರಾಧಕ್ಕೆ ಹೊರಹಾಕುವುದು ಸುಲಭವಾಯಿತು.

ಹುಟ್ಟಿದ ನೆಲವಾದರೂ ಕೈಬೀಸಿ ಕರೆಯುವುದಿಲ್ಲ. ಬಾಡಿಗೆ ಮನೆಗೆ ಗುರುತಿನ ಚೀಟಿ ಕೇಳುತ್ತಾರೆ. ಗುರುತಿಗೆಂದು ಮತದಾರರ ಚೀಟಿ ಮಾಡಿಸಹೋದರೆ ವಿಳಾಸದ ದಾಖಲೆ ತನ್ನಿ ಎನ್ನುತ್ತಾರೆ. ಅಮೆರಿಕದ ಶಾಲಾ ಪ್ರಮಾಣಪತ್ರಕ್ಕೆ ಅಲ್ಲಿನ ಸರ್ಕಾರದ ಮೊಹರು ಬೇಕಿತ್ತು. ಆ ದೇಶಕ್ಕೆ ಕಾಲಿಡಲಾಗದವರು ಅದನ್ನು ತರುವುದು ಹೇಗೆ? 2015ರಲ್ಲಿ ಮೆಕ್ಸಿಕೊ ಈ ಷರತ್ತು ಸಡಿಲಿಸಿದ್ದರ ಹಿಂದೆ ಹಿಂತಿರುಗಿದವರ ಒತ್ತಾಯವಿತ್ತು. ‘ಓತ್ರೋಸ್ ಡ್ರೀಮ್ಸ್ ಎನ್ ಆಕ್ಸಿಯೋನ್’ ಹೀಗೆ ಮರಳಿದವರೇ ಕಟ್ಟಿಕೊಂಡ ಸಂಘ. ಹೊಸದಾಗಿ ಬಂದವರಿಗೆ ಯಾವ ಕಚೇರಿ, ಯಾವ ಕಾಗದ ಎಂದು ದಾರಿ ತೋರಿಸುತ್ತದೆ. ಸ್ಪ್ಯಾನಿಷ್ ತಡವರಿಸುವವರಿಗೆ ಇದು ದೊಡ್ಡ ಆಸರೆ. ಅವರ ಇಂಗ್ಲಿಷ್ ಛಾಯೆಯ ಉಚ್ಚಾರಣೆ ಕೇಳಿ ನಗುವವರು, ಹಚ್ಚೆ ಕಂಡರೆ ರೌಡಿ ಎಂದುಕೊಳ್ಳುವವರು ಊರ ತುಂಬ ಇದ್ದಾರೆ.

ಅದೇ ಇಂಗ್ಲಿಷ್ ಅನ್ನವನ್ನೂ ಕೊಟ್ಟಿದೆ. ಬೆಂಗಳೂರಿನ ಕಾಲ್ ಸೆಂಟರ್‌ಗಳು ನಮ್ಮ ಹುಡುಗರಿಗೆ ತರಬೇತಿ ಕೊಟ್ಟು ಕಲಿಸಿದ ಅಮೆರಿಕನ್ ಉಚ್ಚಾರಣೆ ಇವರಿಗೆ ಬಾಲ್ಯದಲ್ಲೇ ಬಂದದ್ದು. ಇಲ್ಲಿನ ಕಾಲ್ ಸೆಂಟರ್ ಕಂಪನಿಗಳಿಗೆ ಅದು ಪುಕ್ಕಟೆ ಲಾಭ. ಮೊದಲ ಸಂಬಳಕ್ಕೆ ಈ ಕೆಲಸ ಒಳ್ಳೆಯದೇ, ಬದುಕಿಡೀ ಸಾಲದು. ಓದು ಮುಂದುವರಿಸಿದವರು, ಸ್ವಂತ ಅಂಗಡಿ ಇಟ್ಟವರು ಮಾತ್ರ ಹೆಡ್‌ಫೋನ್ ಕಳಚಿದ್ದಾರೆ.

ಈ ಬಡಾವಣೆಗೆ ಮೆಟ್ರೊ 2ನೇ ಮಾರ್ಗದ ರೆವೊಲುಸಿಯೋನ್ ನಿಲ್ದಾಣ ಹತ್ತಿರ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಭಾರತೀಯ ಪ್ರವಾಸಿಗರಿಗೆ ಮೆಕ್ಸಿಕೊದ ಪ್ರತ್ಯೇಕ ವೀಸಾ ಬೇಕಿಲ್ಲ. ಆದರೆ ಇಲ್ಲಿ ಸಿಗುವ ಹಲವರಿಗೆ ಅಮೆರಿಕದ ಬಾಗಿಲು ಹತ್ತು ವರ್ಷ, ಕೆಲವರಿಗೆ ಆಜೀವ ಮುಚ್ಚಿದೆ.